ಬಾವಿಗೆ ಜನ ಇಳಿಸುವ ಮೊದಲು ಯಾವ ಗ್ಯಾಸ್ ಮೀಟರ್? ಜಲಾಂತರ್ಗಾಮಿಯ ಲೆಕ್ಕದಲ್ಲಿ ಒಂದು ಹೋಲಿಕೆ

ಮಾರ್ಚ್ ಅರ್ಧ ಕಳೆಯಿತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಬರತೊಡಗುತ್ತದೆ. ತೀರ್ಥಹಳ್ಳಿ ಕಡೆಯ ತೋಟದವರು, "ಬಾವಿ ಹೂಳು ತೆಗೆಸ್ಬೇಕು, ಜನ ಇಳಿಯೋಕೆ ಮೊದ್ಲು ಗ್ಯಾಸ್ ನೋಡೋ ಮೀಟರ್ ಯಾವ್ದು ಒಳ್ಳೇದು?" ಎನ್ನುತ್ತಾರೆ. ಸಾಗರದ ಹೋಂಸ್ಟೇ ಒಡತಿಗೆ ಗ್ಯಾಸ್ ಗೀಸರ್ ಇರುವ ಬಚ್ಚಲಿಗೊಂದು ಅಲಾರಂ ಬೇಕು. ಗೋಬರ್ ಗ್ಯಾಸ್ ಗುಂಡಿ ಖಾಲಿ ಮಾಡಿಸುವವರು, ಅಣಬೆ ಬೆಳೆಯುವವರು, ಅಡಿಕೆ ಬೇಯಿಸುವ ಮನೆಯಲ್ಲಿ ತಲೆನೋವು ಬರುತ್ತದೆ ಎನ್ನುವವರು ಎಲ್ಲರೂ ಇದ್ದಾರೆ. ಆನ್‌ಲೈನ್ ಅಂಗಡಿಯಲ್ಲಿ ನಾಲ್ಕೈದು ಮೀಟರ್ ಆರಿಸಿಟ್ಟುಕೊಂಡು, ಎರಡು ಸಾವಿರದ್ದು ಸಾಕೋ ಐವತ್ತು ಸಾವಿರದ್ದೇ ಬೇಕೋ ಎಂದು ತೂಗುತ್ತ ಕೂತಿರುತ್ತಾರೆ.

ನಾನು ಮೀಟರ್ ಮಾರುವವನಲ್ಲ. ಶಿವಮೊಗ್ಗದಲ್ಲಿ ಕೂತು ಅಳತೆಯ ಉಪಕರಣಗಳನ್ನು ರಿಪೇರಿ ಮಾಡುತ್ತೇನೆ, ಕ್ಯಾಲಿಬ್ರೇಟ್ ಮಾಡಿ, ಅಂದರೆ ಅಂಕಿ ಸರಿಯಿದೆಯೇ ಎಂದು ತಾಳೆ ನೋಡಿ ಸರಿಪಡಿಸಿ, ಕೊಡುತ್ತೇನೆ. ಆದರೆ ಗಾಳಿಯ ವಿಷಯದಲ್ಲಿ ನನಗೆ ಕಣ್ಣು ತೆರೆಸಿದ್ದು ನನ್ನ ಬೆಂಚಲ್ಲ, ನಮ್ಮ ಚಿಕ್ಕಪ್ಪ. ಅವರು ನೌಕಾಪಡೆಯ ಜಲಾಂತರ್ಗಾಮಿಯಲ್ಲಿ ದುಡಿದು, ವಿಶಾಖಪಟ್ಟಣದಿಂದ ನಿವೃತ್ತರಾಗಿ ಬಂದು ಈಗ ಹೊಸನಗರದ ಕಡೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ನಾನು ಯಾವ ಹೊಸ ಮೀಟರ್ ಹಿಡಿದು ಹೋದರೂ ಅವರದು ಒಂದೇ ಪ್ರಶ್ನೆ: "ಇದಕ್ಕೆ ಏನು ಕಾಣೋದಿಲ್ಲ, ಅದನ್ನ ಹೇಳು ಮೊದ್ಲು."

ಏನು ಕಾಣುತ್ತದೆ ಎಂಬುದನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಕಾಣದ್ದನ್ನು ಯಾರೂ ಬರೆಯುವುದಿಲ್ಲ.

ಜಲಾಂತರ್ಗಾಮಿಯೇ ಯಾಕೆ

ನೀರಿನಡಿ ಹೋದ ಜಲಾಂತರ್ಗಾಮಿ ಅಂದರೆ ಕಿಟಕಿ ತೆಗೆಯಲಾಗದ ಮನೆ. ಹತ್ತಾರು ಜನ ಅದೇ ಗಾಳಿಯನ್ನು ಉಸಿರಾಡಿ ಬಿಡುತ್ತಿರುತ್ತಾರೆ, ಅಲ್ಲೇ ಅಡುಗೆ ಆಗುತ್ತಿರುತ್ತದೆ, ಅಡಿಯಲ್ಲಿ ನೂರಾರು ಟನ್ ಲೆಡ್-ಆಸಿಡ್ ಬ್ಯಾಟರಿ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಅದು ಶೇ. 4 ಸೇರಿದರೆ ಕಿಡಿಗೆ ಕಾಯುವ ಮದ್ದು. ಸಮುದ್ರದ ಉಪ್ಪುನೀರು ಬ್ಯಾಟರಿಗೆ ಹೊಕ್ಕರೆ ಕ್ಲೋರಿನ್. ಫ್ರಿಜ್‌ನಿಂದ ಸೋರಿದರೆ ಫ್ರಿಯಾನ್. ಇದು ಬರೀ ಪುಸ್ತಕದ ಭಯವಲ್ಲ. 2010ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಸಿಂಧುರಕ್ಷಕದ ಬ್ಯಾಟರಿ ವಿಭಾಗಕ್ಕೆ ಬೆಂಕಿ ಬಿದ್ದು ಒಬ್ಬ ನಾವಿಕ ತೀರಿಕೊಂಡದ್ದು ಸೋರಿದ ಹೈಡ್ರೋಜನ್‌ನಿಂದ. 2008ರ ನವೆಂಬರ್ 8ರಂದು ಜಪಾನ್ ಸಮುದ್ರದಲ್ಲಿ ಪರೀಕ್ಷೆಯಲ್ಲಿದ್ದ ರಷ್ಯಾದ ನೆರ್ಪಾ ಜಲಾಂತರ್ಗಾಮಿಯಲ್ಲಿ ಬೆಂಕಿ ಆರಿಸುವ ಅನಿಲವೇ ಸುಮ್ಮನೆ ಬಿಡುಗಡೆಯಾಗಿ 20 ಜನ ಸತ್ತರು. ಅದೇ ನೆರ್ಪಾ ಮುಂದೆ 2012ರಲ್ಲಿ ಐಎನ್‌ಎಸ್ ಚಕ್ರ ಎಂಬ ಹೆಸರಿನಲ್ಲಿ ನಮ್ಮ ನೌಕಾಪಡೆಗೆ ಬಂತು.

ಅಮೆರಿಕದ ಅಣು ಜಲಾಂತರ್ಗಾಮಿಗಳಲ್ಲಿ ಗಾಳಿ ನೋಡಲು ಗೋಡೆಗೆ ಕೂರಿಸಿದ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳ ತೂಕ ನೋಡಿ ಅನಿಲ ಗುರುತಿಸುವ ದೊಡ್ಡ ಯಂತ್ರ, ಇರುತ್ತದೆ. ಹಾಗಿದ್ದೂ ಕೈಯಲ್ಲಿ ಹಿಡಿಯುವ ಮೀಟರ್ ಬಿಟ್ಟಿಲ್ಲ. ದೊಡ್ಡ ಯಂತ್ರದ ನಳಿಕೆ ತಲುಪದ ಮೂಲೆಗಳಿರುತ್ತವೆ, ಬೆಂಕಿ ಬಿದ್ದು ಕರೆಂಟು ಹೋದ ಹೊತ್ತು ಇರುತ್ತದೆ, ದೊಡ್ಡ ಯಂತ್ರ ಸರಿಯಾಗಿ ಹೇಳುತ್ತಿದೆಯೋ ಎಂದು ಅಡ್ಡ ಪರೀಕ್ಷೆ ಮಾಡಬೇಕಾಗುತ್ತದೆ. ಹಾಗಾಗಿ ಕೈಮೀಟರ್‌ಗಳನ್ನು ಹಿಂಡಿ ನೋಡಲು ಅದಕ್ಕಿಂತ ಕಠಿಣವಾದ ಜಾಗ ಸಿಗುವುದು ಕಷ್ಟ. ಅಲ್ಲಿ ಮೀಟರ್‌ಗಳು ಎಡವುವ ಕಡೆಗಳಲ್ಲೇ ನಮ್ಮ ಬಾವಿ, ಗುಂಡಿ, ಬಚ್ಚಲುಗಳಲ್ಲೂ ಎಡವುತ್ತವೆ.

ತೂಗುವ ಕಲ್ಲುಗಳು

ಮೊದಲ ಕಲ್ಲು ಚಿಕ್ಕಪ್ಪನದೇ: ಯಾವ ಅನಿಲಕ್ಕೆ ಈ ಮೀಟರ್ ಕುರುಡು?

ಎರಡನೆಯದು, ನಿಮ್ಮ ಕೈಯಲ್ಲೇ ಇದನ್ನು ಪರೀಕ್ಷೆ ಮಾಡಲಾಗುತ್ತದೆಯೇ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಒಮ್ಮೆ ನನ್ನ ಬೆಂಚಿಗೆ ನಾಲ್ಕು ಅನಿಲದ ಮೀಟರ್ ಒಂದು ಬಂತು. ಆನ್ ಮಾಡಿದರೆ ಪರದೆ ಚೆಂದ: ಆಮ್ಲಜನಕ 20.9, ಉಳಿದ ಮೂರೂ ಸೊನ್ನೆ. ತಂದವರು, "ನೋಡಿ, ಸರಿಯಾಗೇ ಇದೆ, ಸುಮ್ನೆ ಸರ್ಟಿಫಿಕೇಟ್ ಕೊಡಿ" ಎಂದರು. ನಾನು ಪರೀಕ್ಷೆಯ ಸಿಲಿಂಡರಿನ ಕೊಳವೆ ಸಿಕ್ಕಿಸಿ ಕೀಲಿ ತಿರುಗಿಸಿದೆ. ಅದರಲ್ಲಿ 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಹೈಡ್ರೋಜನ್ ಸಲ್ಫೈಡ್, 100 ಪಿಪಿಎಂ ಕಾರ್ಬನ್ ಮಾನಾಕ್ಸೈಡ್, ಶೇ. 2.5 ಮೀಥೇನ್, ಶೇ. 18 ಆಮ್ಲಜನಕ ಇರುತ್ತದೆ. ಆಮ್ಲಜನಕ ಇಳಿಯಿತು, ಮೀಥೇನ್ ಏರಿತು, ಮಾನಾಕ್ಸೈಡ್ 90 ದಾಟಿತು. ಸಲ್ಫೈಡ್‌ನ ಜಾಗದಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಒಂದು ನಿಮಿಷ ಬಿಟ್ಟೆ, ಅಲ್ಲಾಡಲಿಲ್ಲ. ಸೆನ್ಸರ್ ಸತ್ತು ಎಷ್ಟು ದಿನವಾಗಿತ್ತೋ. ಅದೇ ಮೀಟರ್ ಜೇಬಿಗೆ ಸಿಕ್ಕಿಸಿಕೊಂಡು ಜನ ಗುಂಡಿಗಳಿಗೆ ಇಳಿಯುತ್ತಿದ್ದರು.

ಸತ್ತ ಸೆನ್ಸರ್ ತೋರಿಸುವುದೂ ಸೊನ್ನೆ, ಒಳ್ಳೆಯ ಗಾಳಿಯಲ್ಲಿ ತೋರಿಸುವುದೂ ಸೊನ್ನೆ. ಆಮ್ಲಜನಕದ ಹಳೆಯ ಬಗೆಯ ಸೆನ್ಸರ್ ಮಾತ್ರ ಸಾಯುತ್ತ ಸಾಯುತ್ತ ಅಂಕಿ ಕೆಳಗಿಳಿಸಿ ಕೂಗುತ್ತದೆ. ಉಳಿದವು ಸದ್ದಿಲ್ಲದೆ ಸಾಯುತ್ತವೆ. ಆದ್ದರಿಂದ ಗೊತ್ತಿರುವ ಅನಿಲವನ್ನು ಒಮ್ಮೆ ತೋರಿಸಿ ಅಂಕಿ ಏರುತ್ತದೋ ಎಂದು ನೋಡುವುದು, ಇದನ್ನೇ ಬಂಪ್ ಟೆಸ್ಟ್ ಎನ್ನುವುದು, ಬಳಸುವ ದಿನ ಬೆಳಿಗ್ಗೆ ಆಗಲೇಬೇಕು. ಆ ಸಿಲಿಂಡರ್, ರೆಗ್ಯುಲೇಟರ್ ಮೀಟರ್ ಜೊತೆಗೆ ಸಿಗುವುದಿಲ್ಲ, ಬೇರೆ ದುಡ್ಡು. ಬಜೆಟ್ ಹಾಕುವಾಗ ಬಹಳ ಮಂದಿ ಮರೆಯುವುದು ಇದನ್ನೇ.

ಮೂರನೆಯದು, ಗಾಳಿಯ ಸ್ಯಾಂಪಲ್ ಮೀಟರಿಗೆ ಬರುವುದು ಹೇಗೆ. ಗಾಳಿ ತಾನಾಗಿ ಒಳಗೆ ಹರಡುವ ಬಗೆಯದೋ, ಪಂಪಿಟ್ಟು ಕೊಳವೆಯಿಂದ ಎಳೆದುಕೊಳ್ಳುವುದೋ. ನಾಲ್ಕನೆಯದು, ಮಲೆನಾಡಿನ ತೇವ ಮತ್ತು ಎತ್ತರ. ಐದನೆಯದು, ಮುಂದಿನ ಮೂರು ವರ್ಷದ ಖರ್ಚು. ಗೋಬರ್ ಗ್ಯಾಸ್‌ನಂಥ ಹೊತ್ತುವ ಅನಿಲದ ನಡುವೆ ಬಳಸುವುದಾದರೆ ಆರನೆಯದೂ ಒಂದಿದೆ, ಮೀಟರೇ ಕಿಡಿ ಹಾರಿಸಬಾರದು. ಅದಕ್ಕೆ ನಮ್ಮ ದೇಶದಲ್ಲಿ ಪೆಸೋ (ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಮಂಜೂರಾತಿ ಇದೆಯೇ ಎಂದು ಕೇಳಿ. ಅಗ್ಗದ ಮಾಲಿನಲ್ಲಿ ಇರುವುದಿಲ್ಲ.

ಅಜ್ಜನ ಕಾಲದ ಲಾಟೀನು

ಖರ್ಚಿಲ್ಲದ್ದರಿಂದ ಶುರು ಮಾಡೋಣ. ಬಾವಿಗೆ ದೀಪ ಇಳಿಸಿ ನೋಡುವುದು, ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡುವುದು ಮಲೆನಾಡಿನ ಹಳೆಯ ಕ್ರಮ. ಕೊಂಬೆಯ ಬಗ್ಗೆ ನನ್ನ ತಕರಾರಿಲ್ಲ, ಗಾಳಿ ಕದಡಿದಷ್ಟೂ ಒಳ್ಳೆಯದೇ. ದೀಪ ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದಾಗ ಆರುತ್ತದೆ. ಮೀಟರ್‌ಗಳು ಕೂಗುವುದು 19.5ಕ್ಕೇ. ಆ ನಡುವಿನ ಅಂತರದಲ್ಲಿ ದೀಪ ಉರಿಯುತ್ತಿರುತ್ತದೆ, ಮನುಷ್ಯನ ಕೈಕಾಲು ಸೋಲುತ್ತಿರುತ್ತದೆ. ಇನ್ನು ದೀಪಕ್ಕೆ ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಎರಡೂ ಕಾಣುವುದಿಲ್ಲ. ಬಾವಿಯೊಳಗೆ ಡೀಸೆಲ್ ಪಂಪು ಇಳಿಸಿ ನೀರು ಹೊಡೆದ ಮೇಲೆ ಕೊಲ್ಲುವುದು ಮಾನಾಕ್ಸೈಡೇ, ಆಗ ದೀಪ ನಗುನಗುತ್ತ ಉರಿಯುತ್ತದೆ. ಗೋಬರ್ ಗ್ಯಾಸ್ ಗುಂಡಿಗೆ ದೀಪ ಇಳಿಸುವುದಂತೂ ಕೇಳಲೇಬೇಡಿ.

ಮೂಗನ್ನು ನಂಬುವವರೂ ಇದ್ದಾರೆ. ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ, ನಿಜ. ಆದರೆ 100 ಪಿಪಿಎಂ ಸುತ್ತಮುತ್ತ ಹೋದರೆ ಅದು ಮೂಗಿನ ಶಕ್ತಿಯನ್ನೇ ಮರಗಟ್ಟಿಸುತ್ತದೆ. "ಈಗ ವಾಸನೆ ಹೋಯ್ತು" ಎಂದು ಯಾರಾದರೂ ಗುಂಡಿಯ ಒಳಗಿಂದ ಹೇಳಿದರೆ ಅದು ಒಳ್ಳೆಯ ಸುದ್ದಿಯಲ್ಲ.

ನಾಲ್ಕು ಅನಿಲದ ಮೀಟರ್

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಮೊಬೈಲಿಗಿಂತ ದಪ್ಪ, ಅಂಗಿಗೆ ಸಿಕ್ಕಿಸುವ ಕ್ಲಿಪ್ಪು, ಮುಟ್ಟಿದರೆ ಕಿರುಚುವ ಸ್ವಭಾವ. ಆಮ್ಲಜನಕ, ಹೊತ್ತುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನೋಡುತ್ತದೆ. ಹೆಸರಾಂತ ಕಂಪನಿಯದಾದರೆ ಹತ್ತಾರು ಸಾವಿರ ರೂಪಾಯಿ. ಬಾವಿಗೂ ಗುಂಡಿಗೂ ಒಂದೇ ಮೀಟರ್ ಕೊಳ್ಳುವುದಾದರೆ ನಾನು ಹೇಳುವುದೂ ಇದನ್ನೇ. ಹಾಗಂತ ಇದರ ಕುರುಡುತನ ಸಣ್ಣದಲ್ಲ.

ದೊಡ್ಡ ಕುರುಡು ಕಾರ್ಬನ್ ಡೈಆಕ್ಸೈಡ್. "ಅದು ಜಾಸ್ತಿಯಾದ್ರೆ ಆಮ್ಲಜನಕ ಕಮ್ಮಿಯಾಗ್ತದಲ್ಲ, ಆಗ ಕೂಗ್ತದೆ ಬಿಡಿ" ಎಂದು ಅಂಗಡಿಯವರು ಹೇಳುತ್ತಾರೆ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಬಾವಿಯ ತಳದಲ್ಲಿ ಡೈಆಕ್ಸೈಡ್ ಬಂದು ತುಂಬಿ ಇದ್ದ ಗಾಳಿಯನ್ನು ಮೇಲಕ್ಕೆ ತಳ್ಳಿತು ಅನ್ನಿ. ಗಾಳಿಯ ಐದನೇ ಒಂದು ಪಾಲು ಮಾತ್ರ ಆಮ್ಲಜನಕ. ಹಾಗಾಗಿ ಆಮ್ಲಜನಕ 20.9ರಿಂದ 19.5ಕ್ಕೆ, ಅಂದರೆ 1.4ರಷ್ಟು ಇಳಿಯಬೇಕಾದರೆ ಒಟ್ಟು ಗಾಳಿಯಲ್ಲಿ ಶೇ. 6.7 ಜಾಗವನ್ನು ಹೊಸ ಅನಿಲ ಹಿಡಿದಿರಬೇಕು. ಮೀಟರ್ ಮೊದಲ ಸಲ ಕೂಗುವ ಹೊತ್ತಿಗೆ ಡೈಆಕ್ಸೈಡ್ ಶೇ. 6.7! ಜೀವಕ್ಕೆ ತಕ್ಷಣದ ಅಪಾಯ ಎಂದು ಗುರುತಿಸಿರುವ ಮಟ್ಟ ಶೇ. 4. ಆಮ್ಲಜನಕ 20.3 ಎಂದು ತೋರಿಸಿದರೆ "ಇರ್ಲಿ ಬಿಡು, 19.5ರ ಮೇಲಿದೆ" ಎನ್ನುವುದು ಈ ಕಾರಣಕ್ಕೇ ತಪ್ಪು. 0.6 ಎಲ್ಲಿಗೆ ಹೋಯಿತು, ಆ ಜಾಗದಲ್ಲಿ ಏನು ಬಂತು ಎಂದು ಕೇಳಬೇಕು.

ಜಲಾಂತರ್ಗಾಮಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಡೈಆಕ್ಸೈಡ್ ಹೊರಗಿಂದ ಬಂದು ಗಾಳಿಯನ್ನು ತಳ್ಳುವುದಿಲ್ಲ, ಜನ ಆಮ್ಲಜನಕ ಉಸಿರಾಡಿ ಅದರ ಬದಲಿಗೆ ಇದನ್ನು ಬಿಡುತ್ತಾರೆ. ಅಲ್ಲೂ ಉಸಿರುಗಟ್ಟುವ ಮೊದಲು ಕಾಡುವುದು ಡೈಆಕ್ಸೈಡ್‌ನ ತಲೆನೋವೇ. ಅಮೆರಿಕದ ಕ್ಷಿಪಣಿ ಜಲಾಂತರ್ಗಾಮಿಗಳಲ್ಲಿ ಅಳೆದಾಗ ಸರಾಸರಿ 3,500 ಪಿಪಿಎಂ ಸಿಕ್ಕಿದೆ, ನಮ್ಮ ಅಂಗಳದ ಗಾಳಿಯ ಎಂಟು ಪಟ್ಟಿಗಿಂತ ಹೆಚ್ಚು. ಅದನ್ನು ಹೀರಿಕೊಳ್ಳಲು ಬೇರೆ ಯಂತ್ರವಿದೆ, ಅಳೆಯಲು ಬೇರೆ ಸೆನ್ಸರ್ ಇದೆ. ಆಮ್ಲಜನಕದ ಅಂಕಿ ನೋಡಿ ಊಹಿಸುವ ಪದ್ಧತಿ ಅಲ್ಲಿಲ್ಲ.

ಎರಡನೇ ಕುರುಡು ಹೊತ್ತುವ ಅನಿಲದ ಸೆನ್ಸರಿನದು. ಸಾಮಾನ್ಯವಾಗಿ ಇರುವುದು ಪೆಲ್ಲಿಸ್ಟರ್ ಎಂಬ ಬಗೆ, ಅದು ಒಳಗೆ ಚೂರು ಅನಿಲವನ್ನು ಸುಟ್ಟು ನೋಡುತ್ತದೆ. ಸುಡಲು ಆಮ್ಲಜನಕ ಬೇಕು. ಗೋಬರ್ ಗ್ಯಾಸ್ ಗುಂಡಿಯೊಳಗೆ ಅದೇ ಇರುವುದಿಲ್ಲ! ಮೀಥೇನ್ ಶೇ. 5ರಿಂದ 15ರವರೆಗೆ ಹೊತ್ತುತ್ತದೆ. ಗುಂಡಿಯೊಳಗಿನದು ಅರ್ಧಕ್ಕಿಂತ ಹೆಚ್ಚು ಮೀಥೇನ್. ಅಗ್ಗದ ಮೀಟರ್ ಅಂಥ ಕಡೆ ಒಮ್ಮೆ ಜಿಗಿದು ಮತ್ತೆ ಇಳಿದು, ಎಲ್ಲ ಸರಿ ಇದೆಯೆಂಬಂತೆ ಕೂರುತ್ತದೆ. ಒಳ್ಳೆಯ ಮೀಟರ್ ಆ ಜಿಗಿತವನ್ನು ಹಿಡಿದಿಟ್ಟು ಕೂಗುತ್ತಲೇ ಇರುತ್ತದೆ. ಹತ್ತು ಸಾವಿರಕ್ಕೂ ಐವತ್ತು ಸಾವಿರಕ್ಕೂ ಇರುವ ಬೆಲೆಯ ವ್ಯತ್ಯಾಸದಲ್ಲಿ ಇಂಥದ್ದೂ ಸೇರಿದೆ. ಮೀಟರ್ ಇಟ್ಟ ಕಪಾಟಿನಲ್ಲೇ ಸಿಲಿಕೋನ್ ಸ್ಪ್ರೇ, ಕಾರಿನ ಪಾಲಿಷ್ ಇಟ್ಟರೆ ಪೆಲ್ಲಿಸ್ಟರ್‌ಗೆ ಅದೇ ವಿಷ, ಮೆಲ್ಲಗೆ ಸಾಯುತ್ತದೆ. ಇನ್‌ಫ್ರಾರೆಡ್ ಬೆಳಕಿನಿಂದ ಮೀಥೇನ್ ನೋಡುವ ಮಾಡೆಲ್‌ಗಳಿಗೆ ಆಮ್ಲಜನಕವೂ ಬೇಡ, ಸಿಲಿಕೋನ್ ಭಯವೂ ಇಲ್ಲ. ಗೋಬರ್ ಗ್ಯಾಸ್‌ನವರಿಗೆ ಅವೇ ಹೊಂದುವುದು. ಆದರೆ ಅವಕ್ಕೆ ಹೈಡ್ರೋಜನ್ ಕಾಣುವುದೇ ಇಲ್ಲ, ಹಾಗಾಗಿ ಜಲಾಂತರ್ಗಾಮಿಯ ಬ್ಯಾಟರಿ ಕೋಣೆಗೆ ಅವು ನಾಲಾಯಕ್ಕು.

ಮೂರನೆಯದು ಕುರುಡಲ್ಲ, ಭ್ರಮೆ. ಕಳೆದ ಜುಲೈನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಎರಡು ದಿನ ಕರೆಂಟಿರಲಿಲ್ಲ. ಬಂದ ಕೂಡಲೇ ಇನ್ವರ್ಟರ್ ಬ್ಯಾಟರಿ ಗುಂಯ್‌ಗುಟ್ಟುತ್ತ ಚಾರ್ಜ್ ಆಗತೊಡಗಿತು. ಅದರ ಪಕ್ಕದ ಗೂಟಕ್ಕೆ ನೇತುಹಾಕಿದ್ದ ನನ್ನ ಮೀಟರ್ ಕಿರುಚಿತು: ಕಾರ್ಬನ್ ಮಾನಾಕ್ಸೈಡ್ 41. ಚಿಕ್ಕಮ್ಮ ಅಡುಗೆ ಮನೆಯಿಂದ ಓಡಿ ಬಂದರು. "ಒಲೆನೇ ಹಚ್ಚಿಲ್ಲ ಮಾರಾಯ, ಇದೆಂತಕ್ಕೆ ಕೂಗ್ತದೆ?" ಚಿಕ್ಕಪ್ಪ ಕುರ್ಚಿಯಿಂದ ಏಳದೆ, "ಬ್ಯಾಟ್ರಿ ಉಸಿರು ಬಿಡ್ತಿದೆ, ಕಿಟಕಿ ತೆಗಿ" ಎಂದರು. ಮಾನಾಕ್ಸೈಡ್ ಸೆನ್ಸರ್‌ಗೆ ಹೈಡ್ರೋಜನ್ ಸೋಕಿದರೂ ಅದನ್ನು ಮಾನಾಕ್ಸೈಡ್ ಎಂದೇ ಎಣಿಸುತ್ತದೆ. ಅವರ ಕೆಲಸದ ಜಾಗದಲ್ಲಿ ಇದು ದಿನನಿತ್ಯದ ತಲೆಬಿಸಿ, ಬೆಂಕಿಯೋ ಬ್ಯಾಟರಿಯೋ ಎಂದು ಬಿಡಿಸಿ ನೋಡಬೇಕು. ಹೈಡ್ರೋಜನ್ ಪ್ರಭಾವ ಕಳೆದು ತೋರಿಸುವ ಮಾನಾಕ್ಸೈಡ್ ಸೆನ್ಸರ್ ಇರುವ ಮಾಡೆಲ್‌ಗಳಿವೆ. ಬ್ಯಾಟರಿ ಕೋಣೆ, ಸೋಲಾರ್ ಶೆಡ್ ಇರುವವರು ಅದನ್ನು ಕೇಳಿ ತರಿಸಿ. ಬಾವಿಗೆ ಮಾತ್ರ ಬಳಸುವವರಿಗೆ ಅದರ ಗೊಡವೆ ಬೇಡ.

ಪಂಪಿನದೋ, ಪಂಪಿಲ್ಲದ್ದೋ? ಪಂಪಿಲ್ಲದ್ದು ಅಗ್ಗ, ಹಗುರ, ಕೆಡುವುದು ಕಡಿಮೆ. ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಬಹುದು. ಆದರೆ ಮೂವತ್ತು ಅಡಿ ಕೆಳಗಿನ ಪರದೆ ನಿಮಗೆ ಕಾಣುವುದಿಲ್ಲ, ಅದಕ್ಕೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಯನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಇರಲೇಬೇಕು. ಇಳಿಸುವಾಗ ಕೊಡ ಬಿಟ್ಟ ಹಾಗೆ ಬಿಡಬಾರದು. ಸೆನ್ಸರ್‌ಗಳು ಪೂರ್ತಿ ಅಂಕಿಗೆ ಏರಲು ಅರ್ಧ ನಿಮಿಷವಾದರೂ ತಗಲುತ್ತದೆ. ಹತ್ತು ಅಡಿಗೊಮ್ಮೆ ನಿಲ್ಲಿಸಿ, ಎರಡು ನಿಮಿಷ ಕಾದು ಮತ್ತೆ ಬಿಡಿ. ಮೀಥೇನ್ ಹಗುರ, ಮೇಲೆ ಸಿಗುತ್ತದೆ. ಡೈಆಕ್ಸೈಡ್ ಗಾಳಿಯ ಒಂದೂವರೆ ಪಟ್ಟು ಭಾರ, ತಳದಲ್ಲಿ ಕೂತಿರುತ್ತದೆ. ಒಂದೇ ಕಡೆ ನೋಡಿ ಎತ್ತಿದರೆ ನೋಡಿದಂತಾಗಲಿಲ್ಲ. ನೀರಿಗೆ ಮುಳುಗಿಸಿದಿರೋ, ಮೀಟರ್ ನನ್ನ ಬೆಂಚಿಗೆ, ದುಡ್ಡು ನೀರಿಗೆ. ಪಂಪಿನದಾದರೆ ಮೇಲೇ ಕೂತು ಅಂಕಿ ನೋಡಬಹುದು, ಆದರೆ ಕೊಳವೆ ಉದ್ದವಾದಷ್ಟೂ ಕಾಯಬೇಕು, ತುದಿಗೆ ನೀರು ತಡೆಯುವ ಫಿಲ್ಟರ್ ಬೇಕು. ವರ್ಷಕ್ಕೊಮ್ಮೆ ಸ್ವಂತ ಬಾವಿ ನೋಡುವವರಿಗೆ ಪಂಪಿಲ್ಲದ್ದು ಸಾಕು. ಹೂಳು ತೆಗೆಯುವುದೇ ಕಸುಬಾದ ತಂಡ, ಪಂಚಾಯಿತಿಯವರು ಪಂಪಿನದನ್ನೇ ಕೊಳ್ಳಲಿ.

ಎತ್ತರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಆಮ್ಲಜನಕ ಸೆನ್ಸರ್‌ಗಳು ಶೇಕಡಾವಾರು ನೋಡುವುದಿಲ್ಲ, ಆಮ್ಲಜನಕದ ಒತ್ತಡ ನೋಡಿ ಶೇಕಡಾ ಎಂದು ಬರೆಯುತ್ತವೆ. ಜಲಾಂತರ್ಗಾಮಿಯೊಳಗೆ ಒತ್ತಡ ಏರಿಳಿಯುವುದರಿಂದ ಅಲ್ಲಿ ಇದನ್ನು ಬಿಡದೆ ಪರೀಕ್ಷಿಸಬೇಕಾಗುತ್ತದೆ. ನಮ್ಮಲ್ಲಿ ಒತ್ತಡ ಬದಲಿಸುವುದು ಬೆಟ್ಟ. ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ 20.9ಕ್ಕೆ ಕೂರಿಸಿದ ಅಂಥ ಮೀಟರ್ 1,343 ಮೀಟರಿನ ಕೊಡಚಾದ್ರಿಯ ತುದಿಯಲ್ಲಿ 19ರ ಹತ್ತಿರ ತೋರಿಸಿ ಕೂಗುತ್ತದೆ. ಅದು ನಗುವ ವಿಷಯ. ಅಳುವುದು ಉಲ್ಟಾ ಆದಾಗ: ಬೆಟ್ಟದ ಮೇಲೆ ಸರಿ ಮಾಡಿಕೊಂಡು ಶಿವಮೊಗ್ಗಕ್ಕೆ ಇಳಿದರೆ, ನಿಜವಾಗಿ 19 ಇರುವ ಕಡೆ ಅದು 21ರ ಹತ್ತಿರ ತೋರಿಸಿ ಸುಮ್ಮನಿರುತ್ತದೆ. ಕೆಲಸದ ಜಾಗದಲ್ಲೇ, ಬಯಲಿನ ಗಾಳಿಯಲ್ಲಿ, ಮೀಟರನ್ನು ಹೊಸದಾಗಿ ಕೂರಿಸಿಕೊಳ್ಳಿ.

ಖರ್ಚು: ಸೆನ್ಸರ್‌ಗಳ ಆಯುಷ್ಯ ಎರಡು ಮೂರು ವರ್ಷ, ಬಳಸಿದರೂ ಬಳಸದಿದ್ದರೂ. ಸೆನ್ಸರ್ ಬದಲಿಸಲಾಗದ, ಎರಡು ವರ್ಷ ಕಳೆದ ಮೇಲೆ ಎಸೆಯುವ ಮಾಡೆಲ್‌ಗಳೂ ಬರುತ್ತವೆ. ಒಂದೆರಡು ಬೇಸಿಗೆಯ ಕೆಲಸಕ್ಕೆ ಅವು ಲಾಭ, ಕಾಯಂ ಕೆಲಸಕ್ಕೆ ನಷ್ಟ.

ಮನೆಯ ಮಾನಾಕ್ಸೈಡ್ ಅಲಾರಂ

ಗ್ಯಾಸ್ ಗೀಸರ್, ಚಳಿಗೆ ಕೋಣೆಯಲ್ಲಿಡುವ ಕೆಂಡದ ಅಗ್ಗಿಷ್ಟಿಕೆ, ಅಡಿಕೆ ಬೇಯಿಸುವ ಒಲೆ: ಮೂರರ ಹೆದರಿಕೆಯೂ ಕಾರ್ಬನ್ ಮಾನಾಕ್ಸೈಡ್. ಭದ್ರಾವತಿಯಲ್ಲಿ 1923ರಲ್ಲಿ ಊದುಕುಲುಮೆ ಹೊತ್ತಿಸಿದ ಕಾಲದಿಂದ ಈ ಅನಿಲದ ಜೊತೆ ಬದುಕಿದ ಜಿಲ್ಲೆ ನಮ್ಮದು, ಕುಲುಮೆಯ ಗ್ಯಾಸಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಇದೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ಇದಕ್ಕೆ ಕೆಲವೇ ಸಾವಿರದ ಅಲಾರಂ ಸಾಕು, ದುಬಾರಿಯದು ಬೇಡ. ಯುರೋಪಿನ ಇಎನ್ 50291 ಗುರುತು ಇರುವುದನ್ನು ನೋಡಿ ಕೊಳ್ಳಿ. ಆದರೆ ಇದು ಕೂಗುವ ರೀತಿ ತಿಳಿದಿರಲಿ: 50 ಪಿಪಿಎಂ ಇದ್ದರೆ ಒಂದು ಗಂಟೆಯಿಂದ ಒಂದೂವರೆ ಗಂಟೆಯೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ. ಮಲಗಿದವರನ್ನು ಎಬ್ಬಿಸಲು ಮಾಡಿದ್ದು, ಗುಂಡಿಗೆ ಇಳಿಯುವವರಿಗಲ್ಲ. ಅಗ್ಗ ಎಂದು ಇದನ್ನೇ ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಬಚ್ಚಲಿನೊಳಗೂ ಹಾಕಬೇಡಿ, ಹಬೆಗೆ ಸೆನ್ಸರ್ ಕೆಡುತ್ತದೆ. ಪಕ್ಕದ ಕೋಣೆಯಲ್ಲಿ ಹಾಕಿ. ಆ ಹೋಂಸ್ಟೇ ಒಡತಿಗೆ ನಾನು ಹೇಳಿದ್ದು ಇಷ್ಟೇ: "ಅಕ್ಕಾ, ಮೊದ್ಲು ಗೀಸರನ್ನ ಗೋಡೆಯ ಹೊರಗೆ ಹಾಕ್ಸಿ, ಆಮೇಲೆ ಉಳಿದ ದುಡ್ಡಲ್ಲಿ ಕೋಣೆಗೊಂದು ಅಲಾರಂ ತಗೊಳ್ಳಿ."

ಅಡಿಕೆ ಬೇಯಿಸುವ ಮನೆಗೆ ಅಲಾರಂಗಿಂತ ಅಂಕಿ ತೋರಿಸುವ, ಅಂಗಿಗೆ ಸಿಕ್ಕಿಸುವ ಒಂದೇ ಅನಿಲದ ಮೀಟರ್ ಒಳ್ಳೆಯದು. ಚಿಕ್ಕಪ್ಪನ ಶೆಡ್ಡಿನಲ್ಲಿ ಬಾಗಿಲ ಹತ್ತಿರ 8, ಹಂಡೆಯ ಒಲೆಗೆ ಕಟ್ಟಿಗೆ ನೂಕುವ ಜಾಗದಲ್ಲಿ 60 ದಾಟಿತ್ತು. ಮಾಡಿನ ಎರಡು ತಗಡು ತೆಗೆದು ಗಾಳಿಗೆ ದಾರಿ ಮಾಡಿದ ಮೇಲೆ ಅದೇ ಜಾಗದಲ್ಲಿ 20. ಎಲ್ಲಿ ತೂತು ಮಾಡಬೇಕೆಂದು ಹೇಳುವುದು ಅಂಕಿ, ಬರೀ ಕೂಗಲ್ಲ.

ಡೈಆಕ್ಸೈಡ್ ಮೀಟರ್

ಅಣಬೆ ಮನೆಗೆ, ಬಾಗಿಲು ಮುಚ್ಚಿದ ತರಗತಿಗೆ ಇದು. ಕೊಳ್ಳುವಾಗ ಎನ್‌ಡಿಐಆರ್ ಎಂಬ ಅಕ್ಷರ ಹುಡುಕಿ, ಇನ್‌ಫ್ರಾರೆಡ್ ಬೆಳಕಿನಿಂದ ನೇರ ಅಳೆಯುವ ಬಗೆ ಅದು. ಅಗ್ಗದ ಎಷ್ಟೋ ಡಬ್ಬಿಗಳು ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಬೇರೆ ಯಾವುದೋ ಆವಿ ಮೂಸಿ, ಇಷ್ಟಿರಬಹುದು ಎಂದು ಅಂಕಿ ಕಟ್ಟುತ್ತವೆ. ಬಣ್ಣ ಬಯಲು ಮಾಡಲು ಸುಲಭ ದಾರಿ: ಕೈಗೆ ಸ್ಯಾನಿಟೈಸರ್ ಹಚ್ಚಿ ಮೀಟರ್ ಪಕ್ಕ ಹಿಡಿಯಿರಿ, ಉಸಿರು ತಾಗದಂತೆ ಮುಖ ತಿರುಗಿಸಿ. ಡೈಆಕ್ಸೈಡ್ ಸಾವಿರಗಟ್ಟಲೆ ಜಿಗಿಯಿತೆಂದರೆ ಅದು ಕಟ್ಟುಕತೆಯ ಮೀಟರ್.

ನಿಜವಾದ ಮೀಟರಿಗೂ ಒಂದು ಚಾಳಿ ಇದೆ. ಬಹುತೇಕ ಮಾಡೆಲ್‌ಗಳು ವಾರವೊಂದರಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಿನ ಗಾಳಿ ಎಂದು ಭಾವಿಸಿ ತಮ್ಮನ್ನು ತಾವೇ 400 ಪಿಪಿಎಂಗೆ ಕೂರಿಸಿಕೊಳ್ಳುತ್ತವೆ. ದಿನಕ್ಕೊಮ್ಮೆ ಕಿಟಕಿ ತೆರೆಯುವ ಮನೆಗೆ ಸರಿ. ವಾರಗಟ್ಟಲೆ ನೀರಿನಡಿ ಇರುವ ಜಲಾಂತರ್ಗಾಮಿಯಲ್ಲಿ ಇಟ್ಟರೆ 3,000 ಇರುವ ಗಾಳಿಯನ್ನೇ 400 ಎಂದು ನಂಬಿ ಕೂರುತ್ತದೆ. ಸದಾ ಮುಚ್ಚಿದ ಅಣಬೆ ಮನೆಯಲ್ಲೂ ಅದೇ ಕತೆ. ಆ ಸ್ವಯಂ ಹೊಂದಾಣಿಕೆಯನ್ನು ಬಂದ್ ಮಾಡುವ ಸೌಲಭ್ಯ ಇದ್ದರೆ ಮಾತ್ರ ಕೊಳ್ಳಿ. ಇಲ್ಲವಾದರೆ ವಾರಕ್ಕೊಮ್ಮೆ ಮೀಟರನ್ನು ಅಂಗಳಕ್ಕೆ ತಂದು ಅರ್ಧ ದಿನ ಇಡಿ. ಅಂದ ಹಾಗೆ 5,000 ಪಿಪಿಎಂಗೆ, ಅಂದರೆ ಶೇ. 0.5ಕ್ಕೆ, ನಿಂತುಬಿಡುವ ಮನೆಬಳಕೆಯ ಮಾಡೆಲ್ ಬಾವಿಗೆ ಪ್ರಯೋಜನವಿಲ್ಲ, ಶೇ. 5ರವರೆಗೆ ಅಳೆಯುವುದು ಬೇಕು.

ಗಾಜಿನ ನಳಿಕೆ ಮತ್ತು ಕೈಪಂಪು

ಚಿಕ್ಕಪ್ಪನಿಗೆ ಇದರ ಮೇಲೆ ಹಳೆಯ ಪ್ರೀತಿ. ಪೆನ್ಸಿಲ್ ಗಾತ್ರದ ಗಾಜಿನ ನಳಿಕೆ, ಎರಡೂ ತುದಿ ಮುಚ್ಚಿರುತ್ತದೆ. ತುದಿಗಳನ್ನು ಟಿಕ್ ಎಂದು ಮುರಿದು, ಬಾಣದ ಗುರುತು ಪಂಪಿನ ಕಡೆಗಿರುವಂತೆ ಸಿಕ್ಕಿಸಿ, ಪಂಪನ್ನು ಅಮುಕಿ ಬಿಟ್ಟರೆ 100 ಮಿಲಿಲೀಟರ್ ಗಾಳಿ ಒಳಗೆಳೆಯುತ್ತದೆ. ಒಳಗಿನ ಬಿಳಿ ಪುಡಿ ಬಣ್ಣ ತಿರುಗುತ್ತ ಬರುತ್ತದೆ, ಸಲ್ಫೈಡ್‌ಗೆ ಕಂದು, ಡೈಆಕ್ಸೈಡ್‌ಗೆ ನೇರಳೆ. ಬಣ್ಣ ನಿಂತ ಗೆರೆಯೇ ಅಂಕಿ. ಬ್ಯಾಟರಿ ಬೇಡ, ಕ್ಯಾಲಿಬ್ರೇಶನ್ ಬೇಡ, ಕ್ಲೋರಿನ್‌ನಿಂದ ಹಿಡಿದು ನೂರಾರು ಅನಿಲಕ್ಕೆ ನಳಿಕೆ ಸಿಗುತ್ತದೆ. ಕರೆಂಟು ಸತ್ತ ಜಲಾಂತರ್ಗಾಮಿಯಲ್ಲಿ ಇದಕ್ಕಿಂತ ನೆಚ್ಚಿಕೆಯದು ಇನ್ನೇನಿದೆ?

ಆದರೆ ಒಂದು ನಳಿಕೆ ಒಂದೇ ಸಲ, ಒಂದೇ ಅನಿಲ. ಅಂಕಿ ಹತ್ತಿಪ್ಪತ್ತು ಶೇಕಡಾ ಆಚೀಚೆ. ಸುಮಾರು ಎರಡು ವರ್ಷಕ್ಕೆ ಅವಧಿ ಮುಗಿಯುತ್ತದೆ. ಮುಖ್ಯವಾಗಿ ಅದು ಕೂಗುವುದಿಲ್ಲ. ನೋಡಿದ ಕ್ಷಣದ ಗಾಳಿಯನ್ನು ಹೇಳುತ್ತದೆಯೇ ಹೊರತು ಹೂಳು ಕದಡಿದ ಮೇಲೆ ಎದ್ದ ಗ್ಯಾಸನ್ನಲ್ಲ, ಮತ್ತು ಬಾವಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಕದಡಿದ ಮೇಲೆಯೇ. ಅದಕ್ಕೆ ಇದನ್ನು ಒಂದೇ ಮೀಟರಾಗಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ನಾಲ್ಕು ಅನಿಲದ ಮೀಟರಿಗೆ ಜೊತೆಗಾರನಾಗಿ ಡೈಆಕ್ಸೈಡ್ ನಳಿಕೆಯ ಒಂದು ಡಬ್ಬಿ ಇಟ್ಟುಕೊಳ್ಳುವುದು ಒಳ್ಳೆಯ ಜೋಡಿ.

ಲಕ್ಷದ ಮೇಲಿನವು

ಪಿಐಡಿ ಎಂಬುದು ಪೇಂಟ್, ಪೆಟ್ರೋಲ್‌ನಂಥ ಆವಿ ನೋಡುವುದು. ಮೀಥೇನ್, ಮಾನಾಕ್ಸೈಡ್, ಡೈಆಕ್ಸೈಡ್ ಮೂರಕ್ಕೂ ಕುರುಡು, ನಮ್ಮ ಮಳೆಗಾಲದ ತೇವಕ್ಕೆ ಮಂಕು ಬೇರೆ. ರೈತರಿಗೆ ಬೇಡ.

ಎಫ್‌ಟಿಐಆರ್ ಬೇರೆಯೇ ಜಾತಿ. ಹತ್ತು ಕಿಲೋ ಆಸುಪಾಸಿನ ಪೆಟ್ಟಿಗೆ, ಹೆಗಲಿಗೆ ಹಾಕಿಕೊಳ್ಳಬಹುದು. ಇನ್‌ಫ್ರಾರೆಡ್ ಬೆಳಕಿನ ಇಡೀ ಪಟ್ಟಿಯನ್ನು ನೋಡಿ ಡಜನ್‌ಗಟ್ಟಲೆ ಅನಿಲಗಳನ್ನು ಒಂದೇ ಉಸಿರಿಗೆ ಹೆಸರಿಸುತ್ತದೆ, ಫ್ರಿಯಾನ್ ಸೇರಿ. ಇಷ್ಟು ಜಾಣ ಯಂತ್ರಕ್ಕೆ ಆಮ್ಲಜನಕ ಕಾಣುವುದಿಲ್ಲ, ಹೈಡ್ರೋಜನ್ ಕಾಣುವುದಿಲ್ಲ, ಕ್ಲೋರಿನ್ ಕಾಣುವುದಿಲ್ಲ. ಒಂದೇ ಬಗೆಯ ಎರಡು ಪರಮಾಣು ಜೋಡಿಯಾದ ಅಣುಗಳು ಇನ್‌ಫ್ರಾರೆಡ್ ಹೀರುವುದಿಲ್ಲ, ಅಷ್ಟೇ ಕಾರಣ. ಜಲಾಂತರ್ಗಾಮಿಗೆ ಬೇಕೇಬೇಕಾದ ಮೂರಕ್ಕೆ ಅತಿ ದುಬಾರಿ ಪೆಟ್ಟಿಗೆ ಕುರುಡು, ಪಕ್ಕದಲ್ಲಿ ಸಾದಾ ಸೆನ್ಸರ್ ಇಡಲೇಬೇಕು. ಚಿಕ್ಕಪ್ಪನಿಗೆ ಇದನ್ನು ಹೇಳಿದ ದಿನ ಅವರು ಅಡಿಕೆ ಸುಲಿಯುವುದು ನಿಲ್ಲಿಸಿ ಒಂದು ನಿಮಿಷ ನಕ್ಕರು. ವಿಶ್ವವಿದ್ಯಾಲಯಗಳಿಗೆ, ದೊಡ್ಡ ಕಾರ್ಖಾನೆಗಳಿಗೆ ಸರಿ.

ಹಾಗಾದರೆ ಯಾರಿಗೆ ಯಾವುದು

ವರ್ಷಕ್ಕೊಮ್ಮೆ ಬಾವಿ ತೆಗೆಸುವವರು ಸ್ವಂತಕ್ಕೆ ಕೊಳ್ಳುವ ಬದಲು ಊರಿನ ಸಹಕಾರ ಸಂಘದಲ್ಲಿ ಒಂದು ನಾಲ್ಕು ಅನಿಲದ ಮೀಟರ್, ಒಂದು ಪರೀಕ್ಷಾ ಸಿಲಿಂಡರ್ ಇಡಿಸಿ ಬಾಡಿಗೆಗೆ ತರುವುದು ಲೇಸು. ಕಪಾಟಿನಲ್ಲಿ ಕೂತ ಮೀಟರಿನ ಸೆನ್ಸರೂ ಸಾಯುತ್ತದೆ ಎಂದೆನಲ್ಲ. ಗೋಬರ್ ಗ್ಯಾಸ್ ಗುಂಡಿಗೆ ಇನ್‌ಫ್ರಾರೆಡ್ ಮೀಥೇನ್ ಸೆನ್ಸರ್ ಇರುವ, ಪೆಸೋ ಒಪ್ಪಿದ ಮಾಡೆಲ್ಲೇ ಆಗಬೇಕು, ಅಷ್ಟು ದುಡ್ಡಿಲ್ಲವೆಂದರೆ ಜನ ಇಳಿಸುವುದೇ ಬೇಡ, ಮೇಲಿಂದಲೇ ಪಂಪಿಟ್ಟು ತೆಗೆಸಿ. ಚರಂಡಿ ಗುಂಡಿಗೆ ಮೀಟರ್ ಕೇಳಿಕೊಂಡು ಬಂದವರಿಗೆ ನಾನು ಮೀಟರ್ ಹೇಳುವುದಿಲ್ಲ. ರಕ್ಷಣೆಯಿಲ್ಲದೆ ಜನ ಇಳಿಸುವುದನ್ನು 2013ರ ಕಾನೂನೇ ನಿಷೇಧಿಸಿದೆ, ಯಂತ್ರ ತರಿಸಿ. ಹೋಂಸ್ಟೇಗೆ ಮಾನಾಕ್ಸೈಡ್ ಅಲಾರಂ, ಅಣಬೆಗೆ ಎನ್‌ಡಿಐಆರ್. ಆನ್‌ಲೈನಿನಲ್ಲಿ ಮೂರು ಸಾವಿರಕ್ಕೆ ನಾಲ್ಕು ಅನಿಲ ಎನ್ನುವ ಹೆಸರಿಲ್ಲದ ಡಬ್ಬಿ ಯಾರಿಗೂ ಬೇಡ.

ಈ ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಬಾವಿ ತೆಗೆಸಿದಾಗ ನಾನೂ ಹೋಗಿದ್ದೆ. ಬೆಳಿಗ್ಗೆ ಮೀಟರಿಗೆ ಸಿಲಿಂಡರ್ ತೋರಿಸಿದೆವು, ನಾಲ್ಕೂ ಏರಿಳಿದವು. ಹಗ್ಗದಲ್ಲಿ ಬಿಟ್ಟಾಗ ಹತ್ತು ಅಡಿಯಲ್ಲಿ 20.9, ಇಪ್ಪತ್ತರಲ್ಲಿ 20.7, ತಳದಲ್ಲಿ 20.1. ಕೂಗಲಿಲ್ಲ. ಕೊಳವೆ ಬಿಟ್ಟು ಡೈಆಕ್ಸೈಡ್ ನಳಿಕೆಗೆ ಎಳೆದರೆ ನೇರಳೆ ಬಣ್ಣ ಶೇ. 2ರ ಗೆರೆ ದಾಟಿತು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಮೋಟರಿಗೆ ಫ್ಯಾನ್ ಕಟ್ಟಿ, ಉದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿ ತಳಕ್ಕೆ ಗಾಳಿ ಬಿಟ್ಟೆವು. ಅರ್ಧ ಗಂಟೆಗೆ ಮೀಟರ್ 20.8 ಎಂದಿತು. ಮೇಸ್ತ್ರಿ ಪಂಚೆ ಎತ್ತಿ ಕಟ್ಟಿ, "ಇಳೀಲಾ ಅಯ್ಯಾ?" ಎಂದ.

ಚಿಕ್ಕಪ್ಪ ಇನ್ನೊಂದು ನಳಿಕೆಯ ತುದಿ ಮುರಿದರು. "ತಡಿ ಮಾರಾಯ, ಚಾ ಬರ್ತಾ ಉಂಟು. ಕುಡಿ ಮೊದ್ಲು."